ಸಮೀಕರಣಗಳಿಗೆ ಹೆಸರಿಟ್ಟ ಫರಹತ

ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಫರಹತಳ ಡಿಟಿಪಿ ಅಂಗಡಿ ಇದೆ. ಎರಡು ಕಂಪ್ಯೂಟರ್, ಒಂದು ಝೆರಾಕ್ಸ್ ಯಂತ್ರ, ಬಂದವರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಮೂರನೆಯವರು ಬಂದರೆ ಹೊರಗೆ ನಿಲ್ಲಬೇಕು, ಅಷ್ಟೇ ಜಾಗ. ನಾನು ಇಲ್ಲಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಪ್ರಶ್ನೆಪತ್ರಿಕೆ ಟೈಪ್ ಮಾಡಿಸಲು ವರ್ಷಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗುತ್ತಿದ್ದವನು ನಿವೃತ್ತನಾದ ಮೇಲೆ ಕೆಲಸವಿಲ್ಲದೆಯೂ ಹೋಗಿ ಕೂರತೊಡಗಿದೆ. ಇಲ್ಲಿ ಹೇಳುತ್ತಿರುವುದರಲ್ಲಿ ಕೆಲವು ನಾನು ಆ ಕುರ್ಚಿಯಲ್ಲಿ ಕೂತು ನೋಡಿದ್ದು. ಉಳಿದದ್ದು ಫರಹತಳೂ, ಅವಳಿಂದ ಪ್ರಬಂಧ ಟೈಪ್ ಮಾಡಿಸಿದ ಮಂಗಲ ಮೇಡಮ್ಮೂ ಬೇರೆ ಬೇರೆ ದಿನ ನನಗೆ ಹೇಳಿದ್ದು.

ಫರಹತಳ ತವರು ನಿಪ್ಪಾಣಿ. ಅಪ್ಪ ತಂಬಾಕು ದಾಸ್ತಾನಿಡುವ ವಖಾರಿಯಲ್ಲಿ ಕೆಲಸಕ್ಕಿದ್ದರು. ಪಿಯುಸಿ ಆರ್ಟ್ಸ್ ಮುಗಿಸಿ, ಟೈಪಿಂಗ್ ಪರೀಕ್ಷೆ ಕಟ್ಟಿ ಪಾಸಾದ ವರ್ಷವೇ ಅವಳ ಮದುವೆಯಾಯಿತು. ಗಂಡ ಮೈಬೂಬ ಚಿಕ್ಕೋಡಿಯಲ್ಲಿ ಬೋರ್ಡ್ ಬರೆಯುವವ. ಕನ್ನಡ, ಮರಾಠಿ, ಉರ್ದು ಮೂರೂ ಅಕ್ಷರ ಅವನ ಕೈಯಲ್ಲಿ ಚೆಂದ ಕೂಡುತ್ತಿದ್ದವು. ಫ್ಲೆಕ್ಸ್ ಬಂದ ಮೇಲೆ ಅವನ ಬ್ರಷ್ಷಿಗೆ ಕೆಲಸ ಉಳಿಯಲಿಲ್ಲ. ಈಗ ಸದಲಗಾ ಕಡೆಯಿಂದ ಹಾಲು ತರುವ ಟೆಂಪೋ ಓಡಿಸುತ್ತಾನೆ. ಮನೆ ನಡೆಯಬೇಕೆಂದು ಫರಹತ ಅಂಗಡಿ ಹಾಕಿ ಇಪ್ಪತ್ತು ವರ್ಷವಾಗುತ್ತ ಬಂತು. ಅಫಿಡವಿಟ್ಟು, ಬಾಡಿಗೆ ಕರಾರು, ಹೊಲದ ಪಹಣಿ ಉತಾರದ ಅರ್ಜಿ, ಲಗ್ನಪತ್ರಿಕೆ, ಇವೇ ಅವಳ ದಿನದ ಕೆಲಸ.

ಗಣಿತ ಅವಳ ಬಳಿ ಬಂದದ್ದು ನಮ್ಮ ಶಾಲೆಯ ಸಮ್ಮೇದ ಸರ್ ಅವರಿಂದ. ಆಗೆಲ್ಲ ಗಣಿತದ ಪ್ರಶ್ನೆಪತ್ರಿಕೆ ಎಂದರೆ ವರ್ಗಮೂಲದ ಚಿಹ್ನೆ ಬರುವ ಕಡೆ ಟೈಪಿನವರು ಜಾಗ ಬಿಡುತ್ತಿದ್ದರು, ಮೇಷ್ಟ್ರು ಪೆನ್ನಿನಿಂದ ಬರೆದುಕೊಳ್ಳಬೇಕಿತ್ತು. ಹಾಗೆ ಖಾಲಿ ಬಿಟ್ಟು ಕೊಡಲು ಫರಹತಳಿಗೆ ಮನಸ್ಸು ಬರಲಿಲ್ಲ. ಒಂದು ಭಾನುವಾರವಿಡೀ ಕಂಪ್ಯೂಟರಿನ ಮುಂದೆ ಕೂತು ಆ ಚಿಹ್ನೆಗಳು ಎಲ್ಲಿ ಅಡಗಿವೆ ಎಂದು ಹುಡುಕಿದಳು. ಸೋಮವಾರ ಸಮ್ಮೇದ ಸರ್ ಕೈಗೆ ಕೊಟ್ಟ ಹಾಳೆಯಲ್ಲಿ ಭಿನ್ನರಾಶಿಯ ಗೆರೆ ನೆಟ್ಟಗಿತ್ತು. ಮೇಲಿನ ಪುಟ್ಟ ಅಂಕಿಗಳು ಮೇಲೆ, ಕೆಳಗಿನವು ಕೆಳಗೆ. ಸುದ್ದಿ ಹರಡಿತು. ರಾಯಬಾಗ, ಅಥಣಿ, ಕಾಗವಾಡದಿಂದೆಲ್ಲ ಗಣಿತದ ಮೇಷ್ಟ್ರುಗಳು ಬರತೊಡಗಿದರು. ಅಫಿಡವಿಟ್ಟಿನ ಒಂದು ಪುಟ ಹತ್ತು ನಿಮಿಷದ ಕೆಲಸವಾದರೆ ಗಣಿತದ ಒಂದು ಪುಟಕ್ಕೆ ಒಂದು ತಾಸು ಬೇಕು. ಕೈಮಣಿಕಟ್ಟು ನೋಯುತ್ತದೆ, ಕಣ್ಣುಗಳು ಉರಿಯುತ್ತವೆ. ಬೇಡ ಎನ್ನಲು ಅವಳಿಗೆ ಬರಲಿಲ್ಲ. ಆ ದಣಿವು ಅವಳ ಮುಖದಲ್ಲಿ ಕಾಯಂ ಆಗಿ ಕೂತುಬಿಟ್ಟಿತು.

ಮಂಗಲ ಮೇಡಂ ಬಂದದ್ದು ಎರಡು ಸಾವಿರದ ಇಪ್ಪತ್ತೊಂದರಲ್ಲಿ. ಸದಲಗಾದ ಜೈನ ರೈತ ಮನೆತನದ ಸೊಸೆ, ಚಿಕ್ಕೋಡಿಯ ಕಾಲೇಜೊಂದರಲ್ಲಿ ಗಣಿತ ಕಲಿಸುವವರು. ವಯಸ್ಸು ನಲವತ್ತು ದಾಟಿತ್ತು. ಏಳು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದರು. ಬೆಳಿಗ್ಗೆ ಎಮ್ಮೆ, ಅಡುಗೆ, ಆಮೇಲೆ ಬಸ್ಸು, ಆಮೇಲೆ ದಿನಕ್ಕೆ ನಾಲ್ಕು ಪಾಠ. ಇವುಗಳ ಸಂದಿಯಲ್ಲಿ ಬರೆದ ಪ್ರಬಂಧ ಅದು. ರಂಧ್ರಗಳಿರುವ ಪದರದೊಳಗೆ ಬಿಸಿ ನೀರು ಹೇಗೆ ಹರಿಯುತ್ತದೆ ಎಂಬುದು ವಿಷಯ. ನಾಲ್ಕು ದಪ್ಪ ನೋಟ್‌ಬುಕ್ ತಂದು ಫರಹತಳ ಮೇಜಿನ ಮೇಲಿಟ್ಟು, ಇಂಗ್ಲಿಷಿನಲ್ಲಿ ಇನ್ನೂರು ಪುಟವಾಗಬಹುದು, ಮುನ್ನೂರಕ್ಕೂ ಮೇಲೆ ಸಮೀಕರಣಗಳಿವೆ, ಅವಸರವಿಲ್ಲ ಎಂದರಂತೆ. ಆ ಕೊನೆಯ ಮಾತಿಗೇ ತಾನು ಒಪ್ಪಿಕೊಂಡೆ ಎಂದು ಫರಹತ ಹೇಳುತ್ತಾಳೆ. ಅವಸರವಿಲ್ಲ ಎಂದು ಆ ಅಂಗಡಿಯಲ್ಲಿ ಅದುವರೆಗೆ ಯಾರೂ ಹೇಳಿರಲಿಲ್ಲ.

ಇಂಥ ಪ್ರಬಂಧದಲ್ಲಿ ಒಂದೊಂದು ಸಮೀಕರಣಕ್ಕೂ ಬಲಗಡೆ ಅಂಚಿನಲ್ಲಿ ಕಂಸದೊಳಗೆ ಒಂದು ಸಂಖ್ಯೆ ಇರುತ್ತದೆ. ನಾಲ್ಕನೇ ಅಧ್ಯಾಯದ ಐದನೆಯದು 4.5. ಮುಂದೆ ಎಲ್ಲೋ ಅದು ಬೇಕಾದಾಗ ಪೂರ್ತಿ ಬರೆಯುವುದಿಲ್ಲ, 4.5ರಿಂದ ಹೀಗೆ ಸಿಗುತ್ತದೆ ಎಂದು ಬರೆಯುತ್ತಾರೆ. ಓದುವವರು ಹಿಂದಿರುಗಿ ಆ ಸಂಖ್ಯೆ ಹುಡುಕಿ ನೋಡಿಕೊಳ್ಳಬೇಕು. ಫರಹತ ಎಲ್ಲ ಸಂಖ್ಯೆಗಳನ್ನೂ ಕೈಯಿಂದಲೇ ಹೊಡೆದಿದ್ದಳು. ನೋಟ್‌ಬುಕ್ಕಿನಲ್ಲಿ ಏನಿತ್ತೋ ಅದೇ ಪುಟದ ಮೇಲೆ ಬಂತು. ಒಂದು ವರ್ಷ ಹಿಡಿಯಿತು, ಆದರೂ ತಪ್ಪಿರಲಿಲ್ಲ.

ಇಪ್ಪತ್ತೆರಡರ ಜುಲೈಯಲ್ಲಿ, ಸಲ್ಲಿಸಲು ಒಂದು ವಾರ ಇರುವಾಗ, ಮೇಡಮ್ಮರ ಪಿಎಚ್‌ಡಿ ಗೈಡ್ ನಾಲ್ಕನೇ ಅಧ್ಯಾಯದ ಮೊದಲಲ್ಲೇ, ನಾಲ್ಕನೆಯ ಸಮೀಕರಣವಾದ ಮೇಲೆ, ಮೂರು ಸಮೀಕರಣ ಹೊಸದಾಗಿ ಸೇರಿಸಲು ಹೇಳಿದರು. ಮೂರು ಸಾಲಿನ ಕೆಲಸ. ಆದರೆ ಅವು ಒಳಗೆ ಬಂದ ಕೂಡಲೇ ಹಿಂದಿನ ಐದನೆಯದು ಎಂಟನೆಯದಾಯಿತು, ಎಂಟನೆಯದು ಹನ್ನೊಂದು, ಹಾಗೇ ಕೊನೆಯ ಅರವತ್ತರವರೆಗೆ. ಅಂಚಿನ ಸಂಖ್ಯೆಗಳಷ್ಟೇ ಅಲ್ಲ, ವಾಕ್ಯಗಳ ನಡುವೆ ಇವುಗಳನ್ನು ಹೆಸರಿಸಿದ ಕಡೆಯೆಲ್ಲ ಬದಲಾಗಬೇಕು. ಅಂಥವು ಇನ್ನೂರರ ಮೇಲೆ.

ಅದೇ ವಾರ ಫರಹತಳ ಅತ್ತೆ ಮೆಹರುಬಿಯನ್ನು ಮಿರಜಿನ ಆಸ್ಪತ್ರೆಗೆ ಸೇರಿಸಿದ್ದರು. ಮೂರು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದು ಬೆಳಗಿನ ಬಸ್ಸಿಗೆ ಬಂದು ಫರಹತ ನೇರ ಅಂಗಡಿ ತೆರೆದಳು. ಒಂದೊಂದೇ ಬದಲಿಸುವಷ್ಟು ತ್ರಾಣ ಇರಲಿಲ್ಲ. ಇದ್ದಲ್ಲೆಲ್ಲ 4.5 ತೆಗೆದು 4.8 ಹಾಕು ಎಂದು ಕಂಪ್ಯೂಟರಿಗೆ ಹೇಳಿದಳು. ಅದು ಹಾಕಿತು. ಹಾಗೇ 4.6, 4.7 ಮುಗಿಸಿ, 4.8 ತೆಗೆದು 4.11 ಹಾಕು ಎಂದಳು. ಹಳೆಯ ಎಂಟರ ಜೊತೆಗೆ ಈಗಷ್ಟೇ ಎಂಟಾಗಿದ್ದ ಐದೂ ಹನ್ನೊಂದಾಯಿತು. ಅದು ಅವಳಿಗೆ ಹೊಳೆದದ್ದು ಅಧ್ಯಾಯದ ಅರ್ಧ ದಾಟಿದ ಮೇಲೆ. ಆಗ ಬೇರೆ ಬೇರೆ ಸಮೀಕರಣಗಳೆಲ್ಲ ಒಂದೇ ಸಂಖ್ಯೆ ಹೊತ್ತು ಕೂತಿದ್ದವು. ಬದಲಿಸುವ ಮೊದಲು ಕಡತದ ಪ್ರತಿ ಇಟ್ಟುಕೊಂಡಿರಲಿಲ್ಲ. ಹಳೆಯ ಪ್ರಿಂಟ್ ತೆಗೆದು ಪಕ್ಕದಲ್ಲಿಟ್ಟು, ಪೆನ್ಸಿಲ್ಲಿನಿಂದ ಗುರುತು ಹಾಕುತ್ತ, ಕೊನೆಯಿಂದ ಮೊದಲಿಗೆ ಬರುತ್ತ ಮತ್ತೆ ಎಲ್ಲ ಹೊಡೆದಳು. ಮೇಡಂ ಓದಿ ನೋಡಿದರು. ಗೈಡ್ ಸಹಿ ಹಾಕಿದರು. ಪ್ರಬಂಧ ಹೋಯಿತು.

ಮರುವರ್ಷ ಫೆಬ್ರುವರಿಯಲ್ಲಿ ಅದು ತಿರುಗಿ ಬಂತು. ಪತ್ರ ಹಿಡಿದು ಮೇಡಂ ಅಂಗಡಿಗೆ ಬಂದಾಗ ನಾನು ಅಲ್ಲೇ ಇದ್ದೆ. ಅವರು ಸಿಟ್ಟಿನಲ್ಲಿರಲಿಲ್ಲ. ಬಿಸಿಲಲ್ಲಿ ಬಹಳ ದೂರ ನಡೆದು ಬಂದವರ ಹಾಗೆ ಕೂತು, ಪತ್ರವನ್ನು ಫರಹತಳ ಕಡೆ ಸರಿಸಿದರು. ಪರೀಕ್ಷಕರೊಬ್ಬರು ಬರೆದಿದ್ದರು: ನಾಲ್ಕನೇ ಅಧ್ಯಾಯದಲ್ಲಿ ಹನ್ನೊಂದು ಕಡೆ ಉಲ್ಲೇಖಿಸಿದ ಸಂಖ್ಯೆಗೂ ಅಲ್ಲಿ ಇರುವ ಸಮೀಕರಣಕ್ಕೂ ಸಂಬಂಧವಿಲ್ಲ, ಪಟ್ಟಿ ಲಗತ್ತಿಸಿದೆ, ಇನ್ನೂ ಇರಬಹುದು, ಪ್ರಮೇಯದ ಸಾಧನೆಯನ್ನು ಅನುಸರಿಸಲು ಆಗುತ್ತಿಲ್ಲ, ತಿದ್ದಿ ಮತ್ತೆ ಸಲ್ಲಿಸತಕ್ಕದ್ದು.

ಫರಹತ ಪಟ್ಟಿಯನ್ನು ಎರಡು ಸಲ ಓದಿದಳು. ಹನ್ನೊಂದೂ ಯಾವ ದಿನದ ತಪ್ಪುಗಳೆಂದು ಅವಳಿಗೆ ಗೊತ್ತಾಯಿತು. ಮಿರಜಿನಿಂದ ಬಂದ ದಿನದ ಸಂಗತಿಯನ್ನು ಅವಳು ಮೇಡಮ್ಮರಿಗೆ ಅದುವರೆಗೆ ಹೇಳಿರಲಿಲ್ಲ. ಈಗ ಮೊದಲಿನಿಂದ ಹೇಳಿದಳು. ನಾನು ಎದ್ದು ಹೊರಗೆ ಹೋಗಬೇಕೋ ಕೂರಬೇಕೋ ತಿಳಿಯದೆ ಕೂತೇ ಇದ್ದೆ.

“ಇದು ನನ್ನ ಕೈಲೆ ಆದ ತಪ್ಪ್ರಿ ಮೇಡಂ,” ಎಂದಳು ಕೊನೆಗೆ. “ನಿಮ್ಮ ಗಣಿತದಾಗ ಏನೂ ಇಲ್ಲ.”

ಮಂಗಲ ಮೇಡಂ ಪತ್ರ ಮಡಿಸಿ ಚೀಲಕ್ಕೆ ಹಾಕಿಕೊಂಡರು. “ಮೂರ ಸಲ ಓದೀನ್ರಿ ಫರಹತಕ್ಕಾ, ನನಗೂ ಕಾಣಲಿಲ್ಲ. ಮೂರನೇ ಸಲ ಓದುವಾಗಂತೂ ಕಣ್ಣಷ್ಟ ಓಡತಿದ್ದೂ,” ಎಂದು ಎದ್ದರು. ಬಸ್ಸಿಗೆ ಇನ್ನೂ ಹೊತ್ತಿತ್ತು, ಆದರೂ ಹೋದರು.

ಎರಡು ವಾರ ಅವರ ಸುಳಿವಿರಲಿಲ್ಲ. ಆ ಎರಡು ವಾರ ಫರಹತ ಅಂಗಡಿ ಖಾಲಿಯಾದಾಗಲೆಲ್ಲ ಫೋನಿನಲ್ಲಿ ಹಿಂದಿ ವಿಡಿಯೋಗಳನ್ನು ನೋಡುತ್ತ ಕೂತಳು. ಲೇಟೆಕ್ ಎಂಬ ತಂತ್ರಾಂಶವೊಂದಿದೆ, ಗಣಿತದವರು ಅದರಲ್ಲೇ ಪುಸ್ತಕ ಮಾಡುತ್ತಾರೆ ಎಂದು ಅಥಣಿಯ ಒಬ್ಬ ಲೆಕ್ಚರರ್ ಹಿಂದೊಮ್ಮೆ ಹೇಳಿದ್ದರು. ಅದರಲ್ಲಿ ಸಂಖ್ಯೆಯನ್ನು ಯಾರೂ ಹೊಡೆಯುವುದಿಲ್ಲ. ಸಮೀಕರಣಕ್ಕೆ ಒಂದು ಹೆಸರು ಕೊಟ್ಟಿರಬೇಕು. ಬೇರೆ ಕಡೆ ಅದು ಬೇಕಾದಾಗ ಆ ಹೆಸರು ಬರೆದರೆ ಸಾಕು. ಎಷ್ಟನೆಯದು ಎಂದು ಯಂತ್ರವೇ ಎಣಿಸಿ ಎರಡೂ ಕಡೆ ಒಂದೇ ಸಂಖ್ಯೆ ಹಾಕುತ್ತದೆ. ನಡುವೆ ಮೂರಲ್ಲ, ಮೂವತ್ತು ಸೇರಿಸಿದರೂ ಅದೇ ಮತ್ತೆ ಎಣಿಸಿಕೊಳ್ಳುತ್ತದೆ.

ಮೊದಲ ಸಲ ಅವಳು ನಾಲ್ಕು ಪುಟ ಹಾಗೆ ಮಾಡಿ ನೋಡಿದಾಗ ಸಂಖ್ಯೆ ಬರಬೇಕಾದಲ್ಲೆಲ್ಲ ಎರಡೆರಡು ಪ್ರಶ್ನಾರ್ಥಕ ಚಿಹ್ನೆ ಬಂದವು. ಒಂದು ದಿನವಿಡೀ ತಪ್ಪು ಹುಡುಕಿದಳು. ಸಿಗಲಿಲ್ಲ. ಮರುದಿನ ಏನೂ ಬದಲಿಸದೆ ಬೇಸರಕ್ಕೆ ತಂತ್ರಾಂಶವನ್ನು ಮತ್ತೊಮ್ಮೆ ಓಡಿಸಿದಳು, ಎಲ್ಲ ಸಂಖ್ಯೆಗಳೂ ಬಂದು ಕೂತವು. ಮೊದಲ ಓಟದಲ್ಲಿ ಅದು ಎಣಿಸಿ ಬರೆದಿಟ್ಟುಕೊಳ್ಳುತ್ತದೆ, ಎರಡನೆಯದರಲ್ಲಿ ಜಾಗಕ್ಕೆ ಹಾಕುತ್ತದೆ. ಇದು ತಿಳಿದಾಗ ತನಗೆ ಖುಷಿಯಾಗಲಿಲ್ಲ, ಅಳು ಬಂತು ಎಂದಳು.

ಆಮೇಲೆ ತಾನೇ ಮೇಡಮ್ಮರಿಗೆ ಫೋನ್ ಮಾಡಿದಳು. ಇಡೀ ಪ್ರಬಂಧವನ್ನು ಹೊಸದಾಗಿ ಹೊಡೆದುಕೊಡುತ್ತೇನೆ, ಟೈಪಿನ ದುಡ್ಡು ಬೇಡ, ಆದರೆ ನೀವು ದಿನಾ ಬಂದು ಒಂದು ತಾಸು ಪಕ್ಕದಲ್ಲಿ ಕೂರಬೇಕು ಎಂದಳು. ಯಾವ ಸಮೀಕರಣ ಯಾವುದೆಂದು ಅವಳಿಗೆ ಗೊತ್ತಿಲ್ಲ, ಹೆಸರನ್ನು ಮೇಡಮ್ಮೇ ಹೇಳಬೇಕು.

ಮೇಡಂ ಒಪ್ಪಿದರು. ನಾಲ್ಕೂವರೆಗೆ ಕಾಲೇಜು ಬಿಟ್ಟು ಬಂದು ಪ್ಲಾಸ್ಟಿಕ್ ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರ ಎಳೆದುಕೊಳ್ಳುತ್ತಿದ್ದರು. ಮೊದಮೊದಲು ಹೆಸರುಗಳು ಒಂದು, ಎರಡು, ಮೂರು ಎಂದೇ ಇದ್ದವು. ಅವು ಮತ್ತೆ ಸಂಖ್ಯೆಗಳೇ ಆದವಲ್ಲ, ನಡುವೆ ಒಂದು ಬಂದರೆ ಹೆಸರಿಗೆ ಅರ್ಥ ಉಳಿಯುವುದಿಲ್ಲ ಎಂದು ಫರಹತಳೇ ಬೇಡ ಎಂದಳು. ಇದು ಏನು ಹೇಳುತ್ತದೆ ಎಂದು ಕೇಳುತ್ತಿದ್ದಳು. ನೀರು ಗೋಡೆಗೆ ಅಂಟಿಕೊಂಡ ಕಡೆ ವೇಗ ಇರುವುದಿಲ್ಲ ಎಂದು ಮೇಡಂ ಹೇಳಿದರೆ, ಅದಕ್ಕೆ ಇಂಗ್ಲಿಷ್ ಅಕ್ಷರದಲ್ಲೇ ‘ಗೋಡೆನೀರು’ ಎಂದು ಹೊಡೆಯುತ್ತಿದ್ದಳು. ತಳದಿಂದ ಬಿಸಿ ಏರುವುದಕ್ಕೆ ‘ತಳಬಿಸಿ’. ಈ ಹೆಸರುಗಳು ಅಚ್ಚಿನಲ್ಲಿ ಯಾರಿಗೂ ಕಾಣುವುದಿಲ್ಲ, ಹಾಗಾಗಿ ಇಬ್ಬರಿಗೂ ಸಂಕೋಚವಿರಲಿಲ್ಲ. ಒಂದೇ ಹೆಸರು ಎರಡಕ್ಕೆ ಇಟ್ಟರೆ ಯಂತ್ರ ತಕರಾರು ಮಾಡುತ್ತಿತ್ತು. ಆಗ ಎರಡಕ್ಕೂ ಏನು ವ್ಯತ್ಯಾಸವೆಂದು ಮೇಡಂ ವಿವರಿಸಬೇಕಾಗುತ್ತಿತ್ತು.

ಫರಹತ ಇನ್ನೊಂದು ಕೆಲಸವನ್ನೂ ಮಾಡಿದಳು. ಹಿಂದಿನ ತಪ್ಪು ಮರುಕಳಿಸಬಾರದೆಂಬ ಹೆದರಿಕೆಗೆ ಉದ್ದ ಗೆರೆಯ ಪುಸ್ತಕವೊಂದನ್ನು ತಂದು, ಎಡಗಡೆ ಸಮೀಕರಣದ ಹೆಸರು, ಬಲಗಡೆ ಅದು ಯಾವ್ಯಾವುದರಿಂದ ಬಂತು ಎಂದು ಬರೆದಳು. ಉಲ್ಲೇಖ ಬಂದ ಕಡೆಯೆಲ್ಲ ತಡೆದು, ಇಲ್ಲಿ ಬೇಕಾದದ್ದು ಯಾವುದು ಎಂದು ಮೇಡಮ್ಮರನ್ನು ಕೇಳುವಳು. ಅವರು ಮೂಲ ನೋಟ್‌ಬುಕ್ ತೆಗೆದು ನೋಡಿ ಹೇಳುವರು. ದಿನಕ್ಕೆ ಮೂರು ಪುಟ ಆದರೆ ಹೆಚ್ಚು. ಹಾಗೆ ಮಾರ್ಚ್ ಕೊನೆಗೆ ಬಂತು, ರಂಜಾನ್ ಶುರುವಾಯಿತು. ಫರಹತ ರೋಜಾ ಹಿಡಿದೇ ಕೂರುತ್ತಿದ್ದಳು. ನಾಲ್ಕು ಗಂಟೆಯ ಹೊತ್ತಿಗೆ ಅವಳ ತುಟಿ ಬಿಳುಚಿರುತ್ತಿದ್ದವು. ಮೇಡಂ ನೀರಿನ ಬಾಟಲಿಯನ್ನು ಚೀಲದಿಂದ ಹೊರತೆಗೆಯುತ್ತಿರಲಿಲ್ಲ. ಒಂದು ದಿನ ಮೇಡಮ್ಮರಿಗೇ ತಲೆ ಸುತ್ತಿದಂತಾಗಿ ಫರಹತಳೇ ಎದುರಿನ ಅಂಗಡಿಯಿಂದ ನಿಂಬೆ ಶರಬತ್ತು ತರಿಸಿ, ಅವರು ಕುಡಿಯುವವರೆಗೆ ಕೀಬೋರ್ಡ್ ಮುಟ್ಟಲಿಲ್ಲ.

ನಾಲ್ಕನೇ ಅಧ್ಯಾಯಕ್ಕೆ ಬಂದದ್ದು ಏಪ್ರಿಲ್ ಮಧ್ಯದಲ್ಲಿ. ಪರೀಕ್ಷಕರ ಪಟ್ಟಿಯ ಹನ್ನೊಂದೂ ಸರಿಯಾದವು. ಪಟ್ಟಿಯಲ್ಲಿಲ್ಲದ ಒಂದು ಕಡೆ ಫರಹತ ನಿಂತಳು. ನೀರಿನ ವೇಗ ಒಂದು ಮಿತಿಯನ್ನು ಮೀರುವುದಿಲ್ಲ ಎಂದು ಸಾಧಿಸುವ ಜಾಗ ಅದು. ಸಲ್ಲಿಸಿದ್ದ ಹಳೆಯ ಪ್ರಿಂಟಿನಲ್ಲಿ ‘4.2ರಿಂದ’ ಎಂದಿತ್ತು. 4.2 ಎಂದರೆ ಒತ್ತಡ ಅಂದರೇನು ಎಂದು ಹೇಳುವ ಸಾದಾ ಸಾಲು. ಅದರಿಂದ ಇಷ್ಟು ದೊಡ್ಡದು ಹೇಗೆ ಬರುತ್ತದೆ ಎಂದು ಅವಳಿಗೆ ಅನುಮಾನ ಬರಲು ಗಣಿತ ಗೊತ್ತಿರಬೇಕಿರಲಿಲ್ಲ, ಎರಡು ತಿಂಗಳು ಪಕ್ಕದಲ್ಲಿ ಕೂತದ್ದೇ ಸಾಕಾಗಿತ್ತು. ಮೇಡಂ ನೋಟ್‌ಬುಕ್ ತೆರೆದು ನೋಡಿದರು. ಅದು 4.2 ಅಲ್ಲ, ಹೊಸ ಎಣಿಕೆಯಲ್ಲಿ 4.22. ಮಿರಜಿನಿಂದ ಬಂದ ದಿನ ಒಂದು ಅಂಕಿ ಬಿದ್ದುಹೋಗಿತ್ತು. 4.22 ಎಂದರೆ ಬಿಸಿ ಒಂದು ಮಿತಿ ಮೀರುವುದಿಲ್ಲ ಎಂಬುದು. ಅದಕ್ಕೆ ‘ಬಿಸಿಮಿತಿ’ ಎಂದು ಹೆಸರಿಟ್ಟರು. ನೀರಿನ ವೇಗದ ಮಿತಿ ಹೇಳುವುದಕ್ಕೆ ‘ನೀರುಮಿತಿ’. ಫರಹತ ಪುಸ್ತಕದಲ್ಲಿ ನೀರುಮಿತಿಯ ಎದುರು ಬಿಸಿಮಿತಿ ಎಂದು ಬರೆದುಕೊಂಡಳು.

ಮೂರು ದಿನದ ಮೇಲೆ ಬಿಸಿಮಿತಿಯ ಪುಟ ಬಂತು. ಅದನ್ನು ಸಾಧಿಸುವಾಗ ಮೂರನೇ ಸಾಲಿನಲ್ಲಿ 4.12ರಿಂದ ಎಂದಿತ್ತು. 4.12 ಎಂದರೆ ನೀರುಮಿತಿ. ಫರಹತ ಬಲಗಡೆ ಅದನ್ನು ಬರೆದು ಪೆನ್ನು ಕೆಳಗಿಟ್ಟಳು. ಹಿಂದಿನ ಹಾಳೆ ತಿರುವಿದಳು, ಮುಂದಿನದಕ್ಕೆ ಬಂದಳು.

“ಮೇಡಂ, ಇದು ಅದರಿಂದ ಬಂತು ಅಂತ ಇಲ್ಲಿ ಐತಿ. ಅಲ್ಲಿ ನೋಡಿದ್ರ, ಅದು ಇದರಿಂದ ಬಂತು ಅಂತ ಐತಿ,” ಎಂದಳು. “ಹಂಗಾರ ಮೊದಲ ಯಾವುದ ಬಂತ್ರಿ?”

ಮೇಡಂ ಮೊದಲು ನಕ್ಕರು. ನೀವು ಹೆಸರು ಅದಲುಬದಲು ಮಾಡಿದ್ದೀರಿ ಎಂದು ಪುಸ್ತಕ ತೆಗೆದುಕೊಂಡರು. ನೋಟ್‌ಬುಕ್ಕಿನ ಎರಡು ಕಡೆ ಬೆರಳಿಟ್ಟು ಒಂದರಿಂದ ಇನ್ನೊಂದಕ್ಕೆ ಹೋದರು, ತಿರುಗಿ ಬಂದರು. ನೀರುಮಿತಿಯ ಭಾಗ ಬರೆದದ್ದು ನಾಲ್ಕು ವರ್ಷದ ಹಿಂದೆ, ಮಾವನವರು ತೀರಿಕೊಂಡ ಬೇಸಿಗೆಯಲ್ಲಿ. ಬಿಸಿಮಿತಿಯದು ಅದಕ್ಕೂ ಒಂದು ವರ್ಷ ಮೊದಲು, ನೀರಿನದನ್ನು ಆಮೇಲೆ ಸಾಧಿಸಿಕೊಂಡರಾಯಿತು ಎಂದು. ಎರಡನ್ನೂ ಒಂದೇ ದಿನ ಕೂತು ಎಂದೂ ಓದಿರಲಿಲ್ಲ. ಗೈಡೂ ಓದಿರಲಿಲ್ಲ. ನೀರು ಮಿತಿಯಲ್ಲಿರುತ್ತದೆ ಎನ್ನಲು ಬಿಸಿ ಮಿತಿಯಲ್ಲಿರಬೇಕು. ಬಿಸಿ ಮಿತಿಯಲ್ಲಿರುತ್ತದೆ ಎನ್ನಲು ನೀರು ಮಿತಿಯಲ್ಲಿರಬೇಕು. ಎರಡಕ್ಕೂ ಕೆಳಗೆ ನೆಲವಿಲ್ಲ. ಐದನೇ ಅಧ್ಯಾಯ ಪೂರ್ತಿ ನಿಂತದ್ದು ಇವೆರಡರ ಮೇಲೆ.

ಅವತ್ತು ಮುಂದೆ ಟೈಪ್ ಆಗಲಿಲ್ಲ. ಫರಹತ ಉತಾರದ ಅರ್ಜಿ ಹಿಡಿದು ಬಂದ ಒಬ್ಬ ಮುದುಕನಿಗೆ ನಾಳೆ ಬನ್ನಿ ಎಂದು ಕಳಿಸಿದಳು. ಕೊನೆಗೆ ಮೇಡಂ, ಯಾರಿಗೂ ಅಲ್ಲ ಎಂಬಂತೆ ಹೇಳಿದರು.

“ಪರೀಕ್ಷಕರ ಪಟ್ಟಿಯೊಳಗ ಇದು ಇಲ್ಲ. ಹಳೇ ಪ್ರಿಂಟಿನಾಗ ಇದ್ದಂಗ 4.2 ಅಂತ ಬಿಟ್ಟರ, ಯಾರೂ ನೋಡಾಂಗಿಲ್ಲ.”

“ನಾ ಅದನ್ನೂ ಹೊಡೀತೀನ್ರಿ,” ಎಂದಳು ಫರಹತ. “ನೀವು ಏನ ಹೇಳತೀರಿ ಅದನ್ನ ಹೊಡಿಯಾಕಿ ನಾ. ಆದ್ರ ಹೋದ ಸಲದ್ದು ನನ್ನ ತಪ್ಪಿತ್ತು. ಈ ಸಲ ಹಂಗ ಹೇಳಾಕ ಬರೂದಿಲ್ಲ.”

ಈ ಮಾತು ಹೇಳಿದ್ದಕ್ಕೆ ಆಮೇಲೆ ಅವಳು ಪಶ್ಚಾತ್ತಾಪಪಟ್ಟಳು. ಒಂಬತ್ತು ವರ್ಷದ ಕೆಲಸ, ಮನೆಯಲ್ಲಿ ಇನ್ನೆಷ್ಟು ದಿನ ಎಂದು ಕೇಳುವ ಮಂದಿ, ಮುಂದಿನ ವರ್ಷ ನಿವೃತ್ತರಾಗಲಿರುವ ಗೈಡ್. ತಾನು ಯಾರು ಇಂಥವರಿಗೆ ಬುದ್ಧಿ ಹೇಳಲು ಎಂದು ಅವತ್ತು ರೋಜಾ ಬಿಡುವಾಗಲೂ ಅದೇ ಯೋಚನೆ. ಮೈಬೂಬ ಏನಾಯಿತೆಂದು ಕೇಳಿದರೆ ಹೇಗೆ ಹೇಳುವುದೆಂದು ತಿಳಿಯದೆ ತಲೆನೋವು ಎಂದಳು.

ಮಂಗಲ ಮೇಡಂ ಆ ವಾರ ರಜೆ ಹಾಕಿ ಗೈಡ್ ಅವರ ಊರಿಗೆ ಹೋದರು. ತಾವೇ ಹೋಗಿ ತಮ್ಮ ಸಾಧನೆ ಸುತ್ತಿ ಬಂದು ತನ್ನ ಮೇಲೆಯೇ ಕೂತಿದೆ ಎಂದು ತೋರಿಸಿದರು. ಗೈಡ್ ಮೊದಲು ನಂಬಲಿಲ್ಲ, ಆಮೇಲೆ ರೇಗಿದರು, ಆಮೇಲೆ ಕಾಗದ ತೆಗೆದುಕೊಂಡು ತಾವೇ ಬರೆದು ನೋಡಿದರು. ಅರ್ಧ ದಿನ ಇಬ್ಬರೂ ಕೂತರು. ಯಾರು ಕಂಡುಹಿಡಿದರು ಎಂದು ಅವರು ಕೇಳಿದರಂತೆ. ಟೈಪ್ ಮಾಡುವವರು ಎಂದು ಮೇಡಂ ಹೇಳಿದರು.

ದಾರಿ ಸಿಗಲು ಏಳು ತಿಂಗಳು ಬೇಕಾಯಿತು. ನಡುವೆ ಬಂದ ಮಳೆಗಾಲದ ಚಾತುರ್ಮಾಸದಲ್ಲಿ, ಜೈನರ ವ್ರತದಂತೆ, ಮೇಡಂ ಸೂರ್ಯ ಮುಳುಗುವ ಮೊದಲೇ ಮನೆ ಮುಟ್ಟಿ ಊಟ ಮುಗಿಸಬೇಕು. ಹಾಗಾಗಿ ಅಂಗಡಿಗೆ ಬಂದರೂ ಅರ್ಧ ತಾಸು ಕೂತು ಎದ್ದುಬಿಡುವರು. ಕೆಲವು ದಿನ ಟೈಪಿಗೆ ಏನೂ ಇರುತ್ತಿರಲಿಲ್ಲ, ಸುಮ್ಮನೆ ಬಂದು ಕೂರುವರು. ಒಮ್ಮೆ, ಎಲ್ಲ ಬಿಟ್ಟುಬಿಡುತ್ತೇನೆ, ಹೇಗೂ ಪಾಠ ನಡೆಯುತ್ತಿದೆ ಎಂದರು. ಫರಹತ ಬಿಡಬೇಡಿ ಎನ್ನಲಿಲ್ಲ. ನಿಮ್ಮ ಕಡತ ಮೂರು ಕಡೆ ಪ್ರತಿ ಮಾಡಿಟ್ಟಿದ್ದೇನೆ, ಯಾವಾಗ ಬೇಕಾದರೂ ತೆಗೆಯಬಹುದು ಎಂದಳು ಅಷ್ಟೇ.

ಕೊನೆಗೆ ಸಿಕ್ಕಿದ್ದು ಚಿಕ್ಕ ಉತ್ತರ. ಶುರುವಿನಲ್ಲಿ ತಳದ ಬಿಸಿ ಇಷ್ಟಕ್ಕಿಂತ ಕಡಿಮೆ ಇದ್ದರೆ ಮಾತ್ರ ನೀರೂ ಮಿತಿಯಲ್ಲಿರುತ್ತದೆ, ಬಿಸಿಯೂ ಮಿತಿಯಲ್ಲಿರುತ್ತದೆ. ಎಲ್ಲ ಬಿಸಿಗೂ ನಿಜ ಎಂದು ಹೇಳಿದ್ದ ಪ್ರಮೇಯ ಈಗ ಕಡಿಮೆ ಬಿಸಿಗೆ ಮಾತ್ರ ನಿಜವಾಯಿತು. ಐದನೇ ಅಧ್ಯಾಯದ ಅರ್ಧ ಹೋಯಿತು. ನಾಲ್ಕನೆಯದಕ್ಕೆ ಹದಿನಾಲ್ಕು ಹೊಸ ಸಮೀಕರಣ ಬಂದವು. ಫರಹತ ಅವಕ್ಕೆಲ್ಲ ಹೆಸರಿಟ್ಟು, ಎರಡು ಸಲ ಓಡಿಸಿದಳು. ಮುನ್ನೂರು ಸಂಖ್ಯೆಗಳು ತಾವಾಗಿಯೇ ಜರುಗಿ ಕೂತವು. ಅದನ್ನು ನೋಡಲು ನಾನು ಅಂದು ಅಲ್ಲಿದ್ದೆ. ಅವಳು ಪರದೆಯನ್ನು ನೋಡಿ, ಇದೊಂದೇ ಕೆಲಸ ನನ್ನ ಕೈ ಮುಟ್ಟದೆ ಆದದ್ದು ಎಂದಳು.

ಪ್ರಬಂಧದ ಮೊದಲಲ್ಲಿ ಉಪಕಾರ ಸ್ಮರಣೆಯ ಪುಟವಿರುತ್ತದೆ. ಮೇಡಂ ಅದರಲ್ಲಿ ಫರಹತಳ ಬಗ್ಗೆ ಆರು ಸಾಲು ಬರೆದುಕೊಟ್ಟಿದ್ದರು. ಟೈಪ್ ಮಾಡುವವಳು ಅವಳೇ ಆದ್ದರಿಂದ ಅದು ಒಂದು ಸಾಲಾಗಿ ಹೊರಬಂತು. ಮೇಡಂ ತಕರಾರು ಮಾಡಿ ಎರಡು ಸಾಲು ಮಾಡಿಸಿದರು. ಎರಡನೆಯದರಲ್ಲಿ, ನಾಲ್ಕನೇ ಅಧ್ಯಾಯದ ಒಂದು ದೋಷವನ್ನು ಮೊದಲು ಕಂಡವರು ಇವರು ಎಂದಿದೆ.

ಮೌಖಿಕ ಪರೀಕ್ಷೆ ನಡೆದದ್ದು ಇಪ್ಪತ್ತನಾಲ್ಕರ ಆಗಸ್ಟಿನಲ್ಲಿ. ಬಿಸಿ ಕಡಿಮೆ ಇರಬೇಕೆಂಬ ಷರತ್ತು ಏಕೆ, ಹಿಂದಿನ ಪ್ರತಿಯಲ್ಲಿ ಇರಲಿಲ್ಲವಲ್ಲ ಎಂದು ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು. ಆಗ ನಾನು ಸಾಧಿಸಿದ್ದೇನೆ ಅಂದುಕೊಂಡಿದ್ದೆ, ಸಾಧಿಸಿರಲಿಲ್ಲ ಎಂದು ಮೇಡಂ ಹೇಳಿದರು. ಬೋರ್ಡಿನ ಮೇಲೆ ಆ ಸುತ್ತನ್ನು ಬರೆದು ತೋರಿಸಿದರು. ಪರೀಕ್ಷಕರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಸಂಜೆ ಮೇಡಂ ಫರಹತಳಿಗೆ ಫೋನ್ ಮಾಡಿ, ಆಯಿತು ಎಂದರು. ಅದಕ್ಕಿಂತ ಹೆಚ್ಚು ಹೇಳುವ ಶಕ್ತಿ ಅವರಲ್ಲಿ ಇರಲಿಲ್ಲ, ಕೇಳುವ ಶಕ್ತಿ ಇವಳಲ್ಲೂ ಇರಲಿಲ್ಲ.

ಮರುದಿನದಿಂದ ಮೂರು ದಿನ ಫರಹತಳ ಅಂಗಡಿಯ ಶಟರ್ ಏಳಲಿಲ್ಲ. ಮೈ ಸರಿಯಿಲ್ಲವೇನೋ ಎಂದು ನಾನು ಮೈಬೂಬನನ್ನು ಕೇಳಿದೆ. ಏನೂ ಇಲ್ಲ, ಮಲಗಿದ್ದಾಳೆ, ಊಟಕ್ಕೆ ಏಳುತ್ತಾಳೆ, ಮತ್ತೆ ಮಲಗುತ್ತಾಳೆ, ಎಬ್ಬಿಸಬೇಡಿ ಎಂದು ತಾಯಿ ಮೆಹರುಬಿ ಎಲ್ಲರಿಗೂ ಹೇಳಿದ್ದಾರೆ ಎಂದ.

ನಾಲ್ಕನೇ ದಿನ ಅವಳು ಬಂದು ಬೀಗ ತೆಗೆಯುವಾಗ ತೆಲಸಂಗದ ಕಡೆಯ ಲೆಕ್ಚರರ್ ಒಬ್ಬರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ತೊಂಬತ್ತು ಪುಟದ ಹಸ್ತಪ್ರತಿ. ಇಲ್ಲಿ ಗಣಿತ ಚೆನ್ನಾಗಿ ಮಾಡುತ್ತಾರೆಂದು ಕೇಳಿ ಬಂದೆ, ಇಟ್ಟು ಹೋಗುತ್ತೇನೆ, ಹದಿನೈದು ದಿನ ಬಿಟ್ಟು ಬರುತ್ತೇನೆ ಎಂದರು. ಫರಹತ ಹಸ್ತಪ್ರತಿ ತೆಗೆದುಕೊಂಡು ಅಲ್ಲಲ್ಲಿ ತಿರುವಿ ನೋಡಿ, ತಿರುಗಿ ಅವರ ಕೈಗೇ ಕೊಟ್ಟಳು.

“ಇಟ್ಟ ಹೋದ್ರ ಆಗೂದಿಲ್ರಿ ಸರ್. ನೀವು ಬಂದು ಕುಂದರಬೇಕು. ಒಂದೊಂದು ಏನಂತ ನನಗ ಹೇಳಬೇಕು.”

ಅಷ್ಟು ದೂರದಿಂದ ದಿನಾ ಬರಲು ಹೇಗೆ ಸಾಧ್ಯ ಎಂದು ಅವರು ಕೇಳಿದರು. ವಾರಕ್ಕೆ ಎರಡು ಸಲ ಬಂದರೂ ಸಾಕು ಎಂದಳು. ಯೋಚಿಸಿ ಹೇಳುತ್ತೇನೆ ಎಂದು ಅವರು ಹೊರಟರು. ಫರಹತ ಶಟರ್ ಪೂರ್ತಿ ಮೇಲೆತ್ತಿ, ಮೂರು ದಿನದ ಧೂಳನ್ನು ಕೀಬೋರ್ಡಿನಿಂದ ಒರೆಸಿ, ಉತಾರದ ಅರ್ಜಿಗೆ ಕಾದಿದ್ದವರನ್ನು ಒಳಗೆ ಕರೆದಳು.